‘ಟೆಕ್ಸಸ್ ಫ್ಲಡ್’ ಎಲ್‌ಪಿ: 45 ಆರ್‌ಪಿಎಂನ ಎರಡು ತಟ್ಟೆಯೋ, 33ರ ಒಂದೇ ತಟ್ಟೆಯೋ?

ಸೂಜಿಮೊನೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಮತ್ತು ಅವರ ಡಬಲ್ ಟ್ರಬಲ್ ತಂಡದ ಮೊದಲ ಆಲ್ಬಂ ‘ಟೆಕ್ಸಸ್ ಫ್ಲಡ್’ ಅನ್ನು ನಾನು ಇಷ್ಟು ವರ್ಷ ಸಿಡಿಯಲ್ಲಿ ಮಾತ್ರ ಕೇಳಿದ್ದೇನೆ. ಅದರ ಒಂದು ಒಳ್ಳೆಯ ಎಲ್‌ಪಿ (ವೈನಿಲ್ ತಟ್ಟೆ) ತರಿಸಿಕೊಳ್ಳೋಣವೆಂದು ಹುಡುಕತೊಡಗಿದರೆ ಒಂದಕ್ಕೆ ನಾಲ್ಕು ಆಯ್ಕೆಗಳು ಎದುರಾಗಿ, ಯಾವುದನ್ನು ಕೊಳ್ಳಬೇಕೆಂಬುದೇ ತಿಳಿಯದಂತಾಗಿದೆ. 1983ರಲ್ಲಿ ಎಪಿಕ್ ಕಂಪನಿ ಹೊರತಂದ ಮೂಲ ಮುದ್ರಣದ ಹಳೆಯ ಪ್ರತಿಗಳು ಸಿಗುತ್ತವೆ. ಅನಲಾಗ್ ಪ್ರೊಡಕ್ಷನ್ಸ್ ಸಂಸ್ಥೆ 2014ರಲ್ಲಿ ‘ಟೆಕ್ಸಸ್ ಹರಿಕೇನ್’ ಎಂಬ ಪೆಟ್ಟಿಗೆಯಲ್ಲಿ ವಾನ್ ಅವರ ಆರು ಆಲ್ಬಂಗಳನ್ನು 33 ಆರ್‌ಪಿಎಂನ (ನಿಮಿಷಕ್ಕೆ ಸುಮಾರು 33 ಸುತ್ತು ತಿರುಗುವ) ಆರು ತಟ್ಟೆಗಳಾಗಿಯೂ, 45 ಆರ್‌ಪಿಎಂನ ಹನ್ನೆರಡು ತಟ್ಟೆಗಳಾಗಿಯೂ ಬಿಡುಗಡೆ ಮಾಡಿದೆ. ಇವುಗಳ ಜೊತೆಗೆ ಮೊಬೈಲ್ ಫಿಡೆಲಿಟಿಯವರ ‘ಒನ್‌ಸ್ಟೆಪ್’ ಆವೃತ್ತಿಯೂ ಇದೆ, ಅದೂ 45ರ ಎರಡು ತಟ್ಟೆಗಳದ್ದು.

ನನ್ನ ಅನುಮಾನಗಳು ಇವು. 45ರ ವೇಗದಿಂದ ಕಿವಿಗೆ ನಿಜವಾಗಿಯೂ ತಿಳಿಯುವಂಥ ವ್ಯತ್ಯಾಸ ಉಂಟಾಗುತ್ತದೆಯೇ, ಅಥವಾ ಎದ್ದು ಎದ್ದು ತಟ್ಟೆ ಮಗುಚುವ ಕೆಲಸ ಹೆಚ್ಚಾಗುವುದಷ್ಟೇ ಲಾಭವೇ? ತಟ್ಟೆಯ ತೂಕ 200 ಗ್ರಾಂ ಇದ್ದರೆ ಧ್ವನಿ ಉತ್ತಮವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆಯೇ? ‘ಒನ್‌ಸ್ಟೆಪ್’ ಎಂದರೆ ಏನು, ಅದನ್ನು ನಂಬಿ ಹಣ ಹಾಕಬಹುದೇ? ನನ್ನ ಬಳಿ ಇರುವುದು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಬೆಲ್ಟ್‌ನಿಂದ ತಟ್ಟೆ ತಿರುಗಿಸುವ ಪ್ಲೇಯರ್) ಮತ್ತು ಎಲಿಪ್ಟಿಕಲ್ (ಅಂಡಾಕಾರದ ಮೊನೆಯ) ಸ್ಟೈಲಸ್, ಅಂದರೆ ಸೂಜಿ, ಇರುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಕೆಲವು ಎಲ್‌ಪಿಗಳಲ್ಲಿ ಪ್ರತಿ ಬದಿಯ ಕೊನೆಯ ಹಾಡು ತುಸು ಒಡೆದಂತೆ, ‘ಸ’ಕಾರಗಳು ಉಗುಳಿದಂತೆ ಕೇಳಿಸುವುದನ್ನು ಗಮನಿಸಿದ್ದೇನೆ. ಈ ಆಲ್ಬಂನ ಕೊನೆಯ ಹಾಡು ‘ಲೆನಿ’ ನನಗೆ ಬಹಳ ಪ್ರಿಯವಾದದ್ದರಿಂದ ಅದು ಕೆಡಬಾರದೆಂಬ ಆಸೆಯೂ ಈ ಪ್ರಶ್ನೆಯ ಹಿಂದಿದೆ.

ಹಳೆತಟ್ಟೆ:

ಸೂಜಿಮೊನೆಯವರೇ, ನನ್ನ ಮತ 1983ರ ಮುದ್ರಣಕ್ಕೆ. ಕಾರಣ ಹೇಳಬೇಕಾದರೆ ಈ ಆಲ್ಬಂ ಹುಟ್ಟಿದ ಬಗೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1982ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ನುಡಿಸಿದಾಗ ಸಭಿಕರಲ್ಲಿ ಕೆಲವರು ಈ ತಂಡವನ್ನು ಕೂಗಿ ಅಣಕಿಸಿದ್ದರು. ಆದರೆ ಅಲ್ಲಿಯೇ ಇವರ ವಾದನವನ್ನು ಕೇಳಿ ಮೆಚ್ಚಿದ ಜ್ಯಾಕ್ಸನ್ ಬ್ರೌನ್, ಲಾಸ್ ಏಂಜಲಿಸ್‌ನಲ್ಲಿದ್ದ ತಮ್ಮ ಸ್ಟುಡಿಯೊವನ್ನು ಹಣವಿಲ್ಲದೆ ಬಳಸಿಕೊಳ್ಳಲು ಬಿಟ್ಟುಕೊಟ್ಟರು. ಆ ವರ್ಷದ ನವೆಂಬರಿನಲ್ಲಿ ಮೂರೇ ದಿನಗಳಲ್ಲಿ, ಅದರಲ್ಲೂ ಒಂದು ದಿನ ಸಲಕರಣೆಗಳನ್ನು ಹೊಂದಿಸುವುದರಲ್ಲಿಯೇ ಕಳೆದುಹೋದ ಮೇಲೆ, ಗಿಟಾರಿನಲ್ಲಿ ವಾನ್, ಬಾಸ್‌ನಲ್ಲಿ ಟಾಮಿ ಶ್ಯಾನನ್, ಡ್ರಮ್ಸ್‌ನಲ್ಲಿ ಕ್ರಿಸ್ ಲೇಟನ್ ಒಂದೇ ಕೋಣೆಯಲ್ಲಿ ಒಟ್ಟಿಗೆ ನಿಂತು ಇಡೀ ಸಂಗೀತವನ್ನು ನುಡಿಸಿಬಿಟ್ಟರು. ಧ್ವನಿಮುದ್ರಣ ನೋಡಿಕೊಂಡವರು ರಿಚರ್ಡ್ ಮಲನ್. ಇದು ಅವರಿಗೆ ಅಚ್ಚುಕಟ್ಟಾದ ಆಲ್ಬಂ ಎನ್ನುವುದಕ್ಕಿಂತ ಕಂಪನಿಗಳಿಗೆ ಕೇಳಿಸಲು ಮಾಡಿಕೊಂಡ ಮಾದರಿ ಟೇಪ್ ಆಗಿತ್ತು. ಬಿಲಿ ಹಾಲಿಡೇ, ಬಾಬ್ ಡಿಲನ್ ಮೊದಲಾದವರನ್ನು ಗುರುತಿಸಿ ಮುಂದೆ ತಂದಿದ್ದ ಜಾನ್ ಹ್ಯಾಮಂಡ್ ಅವರ ಕೈಗೆ ಅದು ತಲುಪಿದ ಮೇಲೆ ಎಪಿಕ್‌ನ ಹಾದಿ ತೆರೆಯಿತು.

ಹೀಗೆ ಹುಟ್ಟಿದ ಧ್ವನಿಯಲ್ಲಿ ಡ್ರಮ್ಸ್‌ನ ಸದ್ದು ಗಿಟಾರಿನ ಮೈಕಿಗೂ ಸೋರಿ ಬಂದಿರುತ್ತದೆ, ಗಿಟಾರಿನ ಸದ್ದು ಡ್ರಮ್ಸ್‌ನ ಮೈಕಿಗೂ ಹೋಗಿರುತ್ತದೆ. ಆ ಸೋರಿಕೆಯಿಂದಲೇ ಮೂವರೂ ಒಂದೇ ಸೂರಿನಡಿ ಇದ್ದಾರೆ ಎಂಬ ಭಾವ ಮೂಡುತ್ತದೆ. ಇಂಥ ದಾಖಲೆಯಲ್ಲಿ ಪದರ ಪದರವಾಗಿ ಬಿಡಿಸಿ ತೋರಿಸಬೇಕಾದ ಗುಟ್ಟುಗಳು ಹೆಚ್ಚಿಲ್ಲ. ಟೇಪ್ ಇನ್ನೂ ಹೊಸದಾಗಿದ್ದಾಗ ಅದರಿಂದ ನೇರವಾಗಿ ಕೊರೆದು ಒತ್ತಿದ ಪ್ರತಿಯಲ್ಲಿ ಇರುವ ಮೊನಚು, ಮೂವತ್ತು ವರ್ಷ ಕಪಾಟಿನಲ್ಲಿದ್ದ ಟೇಪಿನಿಂದ ಬರಲಾರದು ಎಂಬುದು ನನ್ನ ನಂಬಿಕೆ. ಅಲ್ಲದೆ ಮೊದಲ ಬದಿಯಲ್ಲಿ ‘ಲವ್ ಸ್ಟ್ರಕ್ ಬೇಬಿ’ಯಿಂದ ಹಿಡಿದು ‘ಟೆಸ್ಟಿಫೈ’ವರೆಗೆ ಐದು ಹಾಡುಗಳೂ ಒಂದರ ಹಿಂದೆ ಒಂದು ತಡೆಯಿಲ್ಲದೆ ಬರಬೇಕು. ನಡುವೆ ಎದ್ದು ತಟ್ಟೆ ಬದಲಿಸಿದರೆ ಆ ಓಟ ಮುರಿಯುತ್ತದೆ.

ಲೇಥ್‌ಪ್ರಿಯ:

ಹಳೆತಟ್ಟೆಯವರು ಆಲ್ಬಂನ ಸ್ವಭಾವದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಅದರಿಂದ ಅವರು ತಲುಪಿದ ತೀರ್ಮಾನವನ್ನು ಒಪ್ಪುವುದಿಲ್ಲ. ವೇಗದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸೂಜಿಮೊನೆಯವರು ಹೇಳಿದ ‘ಕೊನೆಯ ಹಾಡು ಒಡೆಯುವ’ ದೋಷಕ್ಕೂ ಅದಕ್ಕೂ ನೇರ ಸಂಬಂಧವಿದೆ.

ಎಲ್‌ಪಿ ಒಂದೇ ಸಮನಾಗಿ ತಿರುಗುತ್ತಿದ್ದರೂ ಸ್ಟೈಲಸ್‌ನ ಕೆಳಗೆ ಗ್ರೂವ್ (ಸಂಗೀತವನ್ನು ಕೊರೆದಿರುವ ಸುರುಳಿ ತೋಡು) ಹರಿಯುವ ವೇಗ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. 33⅓ ಆರ್‌ಪಿಎಂನಲ್ಲಿ ಹೊರ ಅಂಚಿನ ಬಳಿ, ಅಂದರೆ ಕೇಂದ್ರದಿಂದ ಸುಮಾರು 146 ಮಿಲಿಮೀಟರ್ ದೂರದಲ್ಲಿ, ಪ್ರತಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಸ್ಟೈಲಸ್‌ನಡಿ ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರ, ಸುಮಾರು 60 ಮಿಲಿಮೀಟರ್ ತ್ರಿಜ್ಯದಲ್ಲಿ, ಅದೇ ಒಂದು ಸೆಕೆಂಡಿನ ಸಂಗೀತವನ್ನು 21 ಸೆಂಟಿಮೀಟರಿನೊಳಗೆ ತುರುಕಬೇಕಾಗುತ್ತದೆ. 10,000 ಹರ್ಟ್ಸ್‌ನ ಸ್ವರವೊಂದನ್ನು ಊಹಿಸಿಕೊಳ್ಳಿ: ಹೊರಗೆ ಅದರ ಒಂದೊಂದು ಅಲೆಯ ಉದ್ದ ಸುಮಾರು 51 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇದ್ದದ್ದು ಒಳಗೆ ಬರುವಷ್ಟರಲ್ಲಿ 21 ಮೈಕ್ರಾನಿಗೆ ಇಳಿದಿರುತ್ತದೆ. ಸಾಮಾನ್ಯ ಶಂಕುವಿನಾಕಾರದ ಸ್ಟೈಲಸ್‌ನ ಮೊನೆಯ ತ್ರಿಜ್ಯವೇ 15ರಿಂದ 18 ಮೈಕ್ರಾನ್ ಆಗಿರುವಾಗ, ಅಷ್ಟು ಇಕ್ಕಟ್ಟಾದ ಅಲೆಗಳ ತಿರುವಿನೊಳಗೆ ಅದು ಇಳಿಯುವುದಕ್ಕೇ ಜಾಗವಿರುವುದಿಲ್ಲ. ಆಗ ಅದು ಅಲೆಗಳ ತಲೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಸಿಂಬಲ್‌ಗಳು ಮಂಕಾಗುವುದು, ‘ಸ’ಕಾರಗಳು ಸೀಳುವುದು, ಗಿಟಾರಿನ ತಂತಿ ಮೀಟಿದ ಮೊದಲ ಕ್ಷಣ ಮೊಂಡಾಗುವುದು ಹೀಗೆ.

45 ಆರ್‌ಪಿಎಂನಲ್ಲಿ ಅದೇ ಒಳಭಾಗದ ವೇಗ 21ರಿಂದ ಸುಮಾರು 28 ಸೆಂಟಿಮೀಟರಿಗೆ ಏರುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಅದನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಆಲ್ಬಂನ ಒಟ್ಟು ಅವಧಿ ಸುಮಾರು 39 ನಿಮಿಷ. ಒಂದೇ ತಟ್ಟೆಯಲ್ಲಿ ಬದಿಗೆ ಸರಾಸರಿ ಹತ್ತೊಂಬತ್ತೂವರೆ ನಿಮಿಷವಾದರೆ, ಎರಡು ತಟ್ಟೆಗಳಲ್ಲಿ ಬದಿಗೆ ಹತ್ತು ನಿಮಿಷವೂ ಇಲ್ಲ. ಗ್ರೂವ್‌ಗಳ ನಡುವೆ 33ರಲ್ಲಿ ಬಿಡುವಷ್ಟೇ ಅಂತರ ಬಿಟ್ಟು ಕೊರೆದರೂ 45ರಲ್ಲಿ ಸಂಗೀತ 88 ಮಿಲಿಮೀಟರ್ ತ್ರಿಜ್ಯದ ಆಸುಪಾಸಿನಲ್ಲಿಯೇ ಮುಗಿದುಹೋಗುತ್ತದೆ, ಅಲ್ಲಿ ವೇಗ ಸೆಕೆಂಡಿಗೆ ಸುಮಾರು 41 ಸೆಂಟಿಮೀಟರ್ ಇರುತ್ತದೆ. ಕೊರೆಯುವವರು ಆ ಉಳಿದ ಜಾಗವನ್ನು ಬಳಸಿಕೊಂಡು ಗ್ರೂವ್‌ಗಳನ್ನು ಇನ್ನಷ್ಟು ದೂರ ದೂರ ಇಡಬಹುದು, ಅಥವಾ ಖಾಲಿ ಬಿಟ್ಟು ಒಳಭಾಗಕ್ಕೆ ಹೋಗದೆಯೇ ನಿಲ್ಲಬಹುದು. ಎರಡರಲ್ಲಿ ಯಾವುದನ್ನು ಆರಿಸಿದರೂ ಕೇಳುವವರಿಗೆ ಅನುಕೂಲವೇ.

ಈಗ ‘ಲೆನಿ’ಯ ವಿಷಯ. ಮೂಲ ಎಲ್‌ಪಿಯಲ್ಲಿ ಅದು ಎರಡನೆಯ ಬದಿಯ ಕೊನೆಯ ಹಾಡು. ಅಂದರೆ ಇಡೀ ಆಲ್ಬಂನಲ್ಲಿ ಅತ್ಯಂತ ನಯವಾಗಿ, ಅತ್ಯಂತ ಮೆಲ್ಲಗೆ ನುಡಿಸಿದ ಹಾಡಿಗೆ ತಟ್ಟೆಯ ಅತ್ಯಂತ ಕೆಟ್ಟ ಜಾಗ ಸಿಕ್ಕಿದೆ. ಮೆಲ್ಲಗಿನ ಹಾಡಾದ್ದರಿಂದ ದೊಡ್ಡ ಒಡಕು ಕೇಳಿಸದು ಎಂಬುದು ನಿಜ, ಕೊರೆಯುವವರು ಅಂಥ ಹಾಡು ಕೊನೆಗೆ ಬಂದರೆ ಸಂತೋಷಪಡುತ್ತಾರೆ ಎಂಬುದೂ ನಿಜ. ಆದರೆ ವಾನ್ ಇಲ್ಲಿ ಟ್ರೆಮೊಲೊ ಹಿಡಿಯನ್ನು ತುಸುವೇ ಒತ್ತಿ ಸ್ವರಗುಚ್ಛವನ್ನು ಅಲುಗಾಡಿಸುವಾಗ ಅದರ ಮೇಲಿನ ಹೊಳಪೆಲ್ಲ ಸೂಕ್ಷ್ಮವಾದ ಮೇಲ್ದನಿಗಳಲ್ಲಿದೆ. 33ರ ಒಳಭಾಗದಲ್ಲಿ ಮೊದಲು ಕಳೆದುಹೋಗುವುದು ಅದೇ ಭಾಗ. 45ರ ಮರುಬಿಡುಗಡೆಯಿಂದ ಈ ಆಲ್ಬಂನಲ್ಲಿ ಅತಿ ಹೆಚ್ಚು ಗಳಿಸುವ ಹಾಡು ಯಾವುದೆಂದು ಕೇಳಿದರೆ ನಾನು ಶೀರ್ಷಿಕೆ ಗೀತೆಯನ್ನಲ್ಲ, ‘ಲೆನಿ’ಯನ್ನೇ ಹೆಸರಿಸುತ್ತೇನೆ. ‘ಪ್ರೈಡ್ ಅಂಡ್ ಜಾಯ್’ ಮೊದಲ ಬದಿಯ ಎರಡನೆಯ ಹಾಡು. ಅದು 33ರಲ್ಲಿಯೂ ಹೊರಭಾಗದಲ್ಲಿಯೇ ಇರುವುದರಿಂದ ಅಲ್ಲಿ ನಿಮಗೆ ಅಂಥ ವ್ಯತ್ಯಾಸ ಕಾಣಿಸದೆ ಹೋಗಬಹುದು.

ತೂಕದ ಬಗ್ಗೆ ಹೇಳುವುದು ಹೆಚ್ಚಿಲ್ಲ. 140 ಗ್ರಾಮಿನ ತಟ್ಟೆಯಲ್ಲಿಯೂ 200 ಗ್ರಾಮಿನ ತಟ್ಟೆಯಲ್ಲಿಯೂ ಗ್ರೂವ್‌ನ ಆಳ, ಅಗಲಗಳು ಒಂದೇ. ಹೆಚ್ಚಿನ ವೈನಿಲ್ ಎಲ್ಲವೂ ಗ್ರೂವ್‌ನ ಕೆಳಗೆ, ಸ್ಟೈಲಸ್ ಎಂದೂ ಮುಟ್ಟದ ಕಡೆ ಇರುತ್ತದೆ. ಭಾರದ ತಟ್ಟೆ ದಪ್ಪನಾಗಿರುವುದರಿಂದ ಟೋನ್‌ಆರ್ಮ್‌ನ (ಕಾರ್ಟ್ರಿಜ್ ಹಿಡಿದಿರುವ ತೋಳಿನ) ಹಿಂಭಾಗದ ಎತ್ತರವನ್ನು ಒಂದಿಷ್ಟು ಸರಿಪಡಿಸಬೇಕಾಗಬಹುದು ಎಂಬುದನ್ನು ಬಿಟ್ಟರೆ ಅದೊಂದು ಗಟ್ಟಿಮುಟ್ಟಾದ ವಸ್ತುವನ್ನು ಕೈಯಲ್ಲಿ ಹಿಡಿದ ಸಂತೋಷ, ಅಷ್ಟೇ.

ಮಂದ್ರ:

ವೇಗದ ಬಗ್ಗೆ ಲೇಥ್‌ಪ್ರಿಯ ಅವರು ಬರೆದದ್ದಕ್ಕೆ ಸೇರಿಸುವುದೇನೂ ಇಲ್ಲ. ಆದರೆ ಮರುಬಿಡುಗಡೆಯೊಂದನ್ನು ಅಳೆಯುವಾಗ ವೇಗ ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ಯಾವ ಟೇಪಿನಿಂದ ಕೊರೆದರು, ಯಾರು ಕೊರೆದರು ಎಂಬುದು. ‘ಒನ್‌ಸ್ಟೆಪ್’ ಎಂಬ ಹೆಸರು ಈ ಎರಡಕ್ಕೂ ಉತ್ತರ ಕೊಡುವುದಿಲ್ಲ.

ಸಾಮಾನ್ಯ ಪದ್ಧತಿಯಲ್ಲಿ ಲೇಥ್ ಯಂತ್ರದಲ್ಲಿ ಕೊರೆದ ಲ್ಯಾಕರ್ (ಮೆದು ಲೇಪನದ) ತಟ್ಟೆಯ ಮೇಲೆ ಲೋಹ ಲೇಪಿಸಿ ‘ಫಾದರ್’ ಎಂಬ ಲೋಹದ ಅಚ್ಚು ತೆಗೆಯುತ್ತಾರೆ, ಅದರಿಂದ ‘ಮದರ್’, ಮದರ್‌ನಿಂದ ಸ್ಟ್ಯಾಂಪರ್‌ಗಳು. ಆ ಸ್ಟ್ಯಾಂಪರ್‌ಗಳಿಂದ ನಮ್ಮ ಕೈಗೆ ಬರುವ ತಟ್ಟೆಗಳನ್ನು ಒತ್ತುತ್ತಾರೆ. ಒನ್‌ಸ್ಟೆಪ್‌ನಲ್ಲಿ ನಡುವಿನ ಎರಡು ಹಂತಗಳನ್ನು ಬಿಟ್ಟು, ಲ್ಯಾಕರ್‌ನಿಂದ ತೆಗೆದ ಲೋಹದ ಅಚ್ಚನ್ನೇ ಸ್ಟ್ಯಾಂಪರ್ ಆಗಿ ಬಳಸುತ್ತಾರೆ. ನಕಲಿನಿಂದ ನಕಲು ಮಾಡುವುದು ತಪ್ಪುವುದರಿಂದ ಹಿನ್ನೆಲೆಯ ಸದ್ದು ಇನ್ನಷ್ಟು ತಗ್ಗುತ್ತದೆ ಎಂಬುದು ಒಪ್ಪತಕ್ಕ ವಾದ. ಆದರೆ ಒಂದು ಸ್ಟ್ಯಾಂಪರ್ ಸವೆದ ಕೂಡಲೇ ಇನ್ನೊಂದಕ್ಕಾಗಿ ಹೊಸದಾಗಿ ಲ್ಯಾಕರ್ ಕೊರೆಯಬೇಕು. ಪ್ರತಿಗಳ ಸಂಖ್ಯೆ ಹೆಚ್ಚಾದಷ್ಟೂ ಲ್ಯಾಕರ್‌ಗಳು ಹೆಚ್ಚು. ಪ್ರತಿ ಸಲವೂ ಅಮೂಲ್ಯವಾದ ಮಾಸ್ಟರ್ ಟೇಪನ್ನೇ ಓಡಿಸುತ್ತಾ ಹೋದರೆ ಅದರ ಗತಿ ಏನಾದೀತು?

ಈ ಅನುಮಾನವೇ 2022ರಲ್ಲಿ ದೊಡ್ಡ ವಿವಾದವಾಯಿತು. ಮೈಕಲ್ ಜ್ಯಾಕ್ಸನ್ ಅವರ ‘ಥ್ರಿಲ್ಲರ್’ ಅನ್ನು ಒನ್‌ಸ್ಟೆಪ್‌ನಲ್ಲಿ 40,000 ಪ್ರತಿ ಒತ್ತುವುದಾಗಿ ಮೊಬೈಲ್ ಫಿಡೆಲಿಟಿ ಪ್ರಕಟಿಸಿದಾಗ, ಅಷ್ಟೊಂದು ಲ್ಯಾಕರ್‌ಗಳಿಗೆ ಮೂಲ ಟೇಪನ್ನು ಓಡಿಸಲು ಯಾರು ಬಿಡುತ್ತಾರೆ ಎಂದು ಬಲ್ಲವರು ಕೇಳತೊಡಗಿದರು. ಆ ಬೇಸಿಗೆಯಲ್ಲಿ ಅಮೆರಿಕದ ಫೀನಿಕ್ಸ್‌ನ ರೆಕಾರ್ಡ್ ಅಂಗಡಿಯ ಮಾಲೀಕರೊಬ್ಬರು ಇದನ್ನು ಬಹಿರಂಗವಾಗಿ ಎತ್ತಿದ ಮೇಲೆ, ತಾವು 2011ರಿಂದಲೇ ಹಲವು ಆಲ್ಬಂಗಳಿಗೆ ಮಾಸ್ಟರ್ ಟೇಪನ್ನು ಮೊದಲು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು, ಅದರಿಂದ ಲ್ಯಾಕರ್ ಕೊರೆಯುತ್ತಿದ್ದೇವೆ ಎಂದು ಕಂಪನಿಯವರು ಒಪ್ಪಿಕೊಂಡರು. ಶುದ್ಧ ಅನಲಾಗ್ ಎಂದು ನಂಬಿ ಕೊಂಡವರು ನ್ಯಾಯಾಲಯಕ್ಕೆ ಹೋದರು, 2023ರಲ್ಲಿ 2.5 ಕೋಟಿ ಡಾಲರಿನ ಒಪ್ಪಂದದಲ್ಲಿ ಅದು ಮುಗಿಯಿತು. ಈಗ ಅವರು ಪ್ರತಿ ಆವೃತ್ತಿಯ ಮೂಲ ಯಾವುದು, ನಡುವೆ ಡಿಜಿಟಲ್ ಹಂತ ಇದೆಯೇ ಎಂಬುದನ್ನು ತಮ್ಮ ತಾಣದಲ್ಲಿ ನಮೂದಿಸುತ್ತಾರೆ. ಕೊಳ್ಳುವ ಮೊದಲು ಆ ಸಾಲನ್ನು ಓದಿಕೊಳ್ಳಿ.

ಇಲ್ಲಿ ನನ್ನದೊಂದು ಅಭಿಪ್ರಾಯ. ಸೆಕೆಂಡಿಗೆ 1.1 ಕೋಟಿಗೂ ಹೆಚ್ಚು ಮಾದರಿಗಳನ್ನು ಹಿಡಿಯುವ ಡಿಎಸ್‌ಡಿ 256ರ ಹಂತವನ್ನು ಕಿವಿಯಿಂದ ಕಂಡುಹಿಡಿಯುವುದು ಬಹಳ ಕಷ್ಟ. ಆ ತಟ್ಟೆಗಳನ್ನು ಹೊಗಳಿದ್ದವರು ಸುದ್ದಿ ಹೊರಬೀಳುವವರೆಗೂ ಹೊಗಳುತ್ತಲೇ ಇದ್ದರು. ಹಾಗಾಗಿ ಆ ಕಂಪನಿಯ ಮೇಲೆ ಕೋಪ ಬರಬೇಕಾದದ್ದು ಧ್ವನಿಗಾಗಿ ಅಲ್ಲ, ಮಾತಿನ ಮರೆಮಾಚುವಿಕೆಗಾಗಿ.

ಯಾರು ಕೊರೆದರು ಎಂಬುದು ಎಷ್ಟು ಮುಖ್ಯವೆಂದು ತಿಳಿಯಲು ಬ್ಲೂಸ್ ರಾಕ್‌ನದೇ ಇನ್ನೊಂದು ಉದಾಹರಣೆ ಕೊಡಬಹುದು. 1969ರ ‘ಲೆಡ್ ಝೆಪೆಲಿನ್ 2’ ಅನ್ನು ಮೊದಲು ಕೊರೆದವರು ರಾಬರ್ಟ್ ಲಡ್ವಿಗ್. ಅವರು ಅಂಜದೆ ಜೋರಾಗಿ, ಬಾಸ್ ತಗ್ಗಿಸದೆ ಕೊರೆದ ಆ ಪ್ರತಿಯಲ್ಲಿ ಅಗ್ಗದ ಪ್ಲೇಯರುಗಳ ಸೂಜಿ ಹಾರತೊಡಗಿದ್ದರಿಂದ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯವರು ಅದನ್ನು ಬಿಟ್ಟು ಮೆತ್ತಗಿನ ಇನ್ನೊಂದು ಕಟಿಂಗ್ ಮಾಡಿಸಿದರು. ಟೇಪ್ ಅದೇ, ವರ್ಷ ಅದೇ, ವೇಗವೂ ಅದೇ. ಆದರೂ ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ‘ಆರ್‌ಎಲ್’ ಎಂದು ಗೀಚಿರುವ ಪ್ರತಿಗಾಗಿ ಇವತ್ತಿಗೂ ಜನ ಮುಗಿಬೀಳುತ್ತಾರೆ. ಆದ್ದರಿಂದ ‘ಮೊದಲ ಮುದ್ರಣ’ ಎಂಬ ಮಾತ್ರಕ್ಕೆ ಒಳ್ಳೆಯದೆನ್ನುವ ಹಳೆತಟ್ಟೆಯವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

‘ಟೆಕ್ಸಸ್ ಹರಿಕೇನ್’ ಪೆಟ್ಟಿಗೆಯ ತಟ್ಟೆಗಳನ್ನು ಸ್ಟರ್ಲಿಂಗ್ ಸೌಂಡ್ ಸ್ಟುಡಿಯೊದಲ್ಲಿ ಕೊರೆದವರು ರಯಾನ್ ಸ್ಮಿತ್. ಒತ್ತಿದ್ದು ಕ್ಯಾನ್ಸಸ್‌ನ ಸಲೈನಾ ಊರಿನಲ್ಲಿರುವ ಕ್ವಾಲಿಟಿ ರೆಕಾರ್ಡ್ ಪ್ರೆಸ್ಸಿಂಗ್ಸ್ ಕಾರ್ಖಾನೆಯಲ್ಲಿ. ನನಗೆ ಅದರ ಬಾಸ್ ಮತ್ತು ಕಿಕ್ ಡ್ರಮ್ ಎರಡೂ ಒಂದರೊಳಗೊಂದು ಕಲಸಿಹೋಗದೆ ಬೇರೆ ಬೇರೆಯಾಗಿ ಕೇಳಿಸುವುದು ಹಿಡಿಸಿತು. ಈ ತಂಡ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಳ್ಳುತ್ತಿದ್ದುದರಿಂದ ಬಾಸ್‌ನ ಅತಿ ಕೆಳಗಿನ ತಂತಿ 39 ಹರ್ಟ್ಸ್‌ನ ಆಸುಪಾಸಿನಲ್ಲಿ ಮಿಡಿಯುತ್ತದೆ. ಅಂಥ ಮಂದ್ರಕ್ಕೆ ಗ್ರೂವ್ ಅತ್ತಿತ್ತ ಓಲಾಡಲು ಜಾಗ ಬೇಕು, ಎರಡು ತಟ್ಟೆಗಳಲ್ಲಿ ಆ ಜಾಗ ಧಾರಾಳವಾಗಿ ಸಿಗುತ್ತದೆ.

ಸೂಜಿಮೊನೆ:

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. 45ರ ಕಡೆಗೆ ಮನಸ್ಸು ವಾಲಿದೆ. ಆದರೆ ಲೇಥ್‌ಪ್ರಿಯ ಅವರ ಲೆಕ್ಕವನ್ನು ಓದಿದ ಮೇಲೆ ಇನ್ನೊಂದು ಸಂಶಯ ಹುಟ್ಟಿದೆ. ತೊಂದರೆ ಇರುವುದು ಸ್ಟೈಲಸ್‌ನ ಮೊನೆ ದಪ್ಪವಾಗಿರುವುದರಲ್ಲಿ ಎಂದಾದರೆ, ಎರಡು ತಟ್ಟೆಗಳ ದುಬಾರಿ ಆವೃತ್ತಿಗೆ ಕೊಡುವ ಹಣವನ್ನು ಒಳ್ಳೆಯ ಸ್ಟೈಲಸ್‌ಗೇ ಹಾಕಿ, 33ರ ಒಂದು ಸಾಧಾರಣ ಪ್ರತಿಯನ್ನು ಕೊಂಡರೆ ಆಗದೇ? ಹಾಗೆ ಮಾಡಿದರೆ ಉಳಿದ ಎಲ್ಲ ಎಲ್‌ಪಿಗಳಿಗೂ ಉಪಯೋಗವಾದೀತು. 45ರ ಆವೃತ್ತಿ ಯಾವಾಗಲೂ ಮೇಲು ಎಂದು ತಿಳಿಯಬಹುದೇ ಎಂಬುದನ್ನೂ ದಯವಿಟ್ಟು ಹೇಳಿ.

ಲೇಥ್‌ಪ್ರಿಯ:

ಸೂಜಿಮೊನೆಯವರೇ, ನೀವು ಕೇಳಿದ್ದು ಈ ಚರ್ಚೆಯಲ್ಲಿಯೇ ಅತ್ಯಂತ ಉಪಯುಕ್ತವಾದ ಪ್ರಶ್ನೆ. ಉತ್ತರ: ಹೌದು, ಸ್ಟೈಲಸ್ ಮೊದಲು. ಅದಕ್ಕೂ ಮೊದಲು ಖರ್ಚೇ ಇಲ್ಲದ ಒಂದು ಕೆಲಸವಿದೆ, ಕಾರ್ಟ್ರಿಜ್ ಅನ್ನು ಸರಿಯಾದ ಕೋನಕ್ಕೆ ಹೊಂದಿಸುವುದು.

ಲ್ಯಾಕರ್ ಕೊರೆಯುವ ಮೊನೆ ತಟ್ಟೆಯ ಅಂಚಿನಿಂದ ಕೇಂದ್ರದ ಕಡೆಗೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಟೋನ್‌ಆರ್ಮ್ ಒಂದು ಕೀಲಿನ ಮೇಲೆ ತಿರುಗುವುದರಿಂದ ಕಮಾನಿನಂತೆ ಸಾಗುತ್ತದೆ. ಹೀಗಾಗಿ ಇಡೀ ಬದಿಯಲ್ಲಿ ಎರಡೇ ಎರಡು ಕಡೆ ಕಾರ್ಟ್ರಿಜ್ ಗ್ರೂವ್‌ಗೆ ಸರಿಯಾಗಿ ಸಮಾನಾಂತರವಾಗಿ ನಿಲ್ಲುತ್ತದೆ, ಉಳಿದೆಲ್ಲ ಕಡೆ ತುಸು ಓರೆಯಾಗಿರುತ್ತದೆ. ಆ ಎರಡು ಬಿಂದುಗಳನ್ನು ಎಲ್ಲಿ ಇಡಬೇಕೆಂಬುದಕ್ಕೆ ಬೇರೆ ಬೇರೆ ಪದ್ಧತಿಗಳಿವೆ. ಬೇರ್‌ವಾಲ್ಡ್ ಪದ್ಧತಿಯಲ್ಲಿ ಅವು 66 ಮತ್ತು 121 ಮಿಲಿಮೀಟರ್ ತ್ರಿಜ್ಯದ ಬಳಿ ಬರುತ್ತವೆ, ಅದರಿಂದ ಇಡೀ ಬದಿಗೆ ದೋಷ ಹದವಾಗಿ ಹಂಚಿಹೋಗುತ್ತದೆ. ಸ್ಟೀವನ್‌ಸನ್ ಪದ್ಧತಿಯಲ್ಲಿ ಒಳಬಿಂದು 60 ಮಿಲಿಮೀಟರಿನ ಬಳಿಗೇ ಬರುವುದರಿಂದ ಕೊನೆಯ ಹಾಡು ಶುದ್ಧವಾಗಿರುತ್ತದೆ, ಅದಕ್ಕೆ ಪ್ರತಿಯಾಗಿ ಬದಿಯ ಮಧ್ಯಭಾಗದಲ್ಲಿ ದೋಷ ಸ್ವಲ್ಪ ಏರುತ್ತದೆ. ಪ್ರತಿ ಎಲ್‌ಪಿಯಲ್ಲಿಯೂ ಕೊನೆಯ ಹಾಡು ಒಡೆಯುತ್ತಿದ್ದರೆ ತಪ್ಪು ತಟ್ಟೆಯಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ಕಾಗದದ ಮೇಲೆ ಮುದ್ರಿಸಿದ ಅಳತೆಪಟ್ಟಿಯೊಂದನ್ನು ತಟ್ಟೆಯ ಜಾಗದಲ್ಲಿಟ್ಟು, ಕಾರ್ಟ್ರಿಜ್‌ನ ಎರಡು ತಿರುಪುಗಳನ್ನು ಸಡಿಲಿಸಿ, ಅದರ ದೇಹವನ್ನಲ್ಲದೆ ಸ್ಟೈಲಸ್ ಇರುವ ಸಣ್ಣ ಕಡ್ಡಿಯನ್ನೇ ಗೆರೆಗಳಿಗೆ ಸಮನಾಗಿ ನಿಲ್ಲಿಸಬೇಕು. ಬಹಳ ಮಂದಿ ಕಾರ್ಟ್ರಿಜ್‌ನ ಅಂಚನ್ನು ನೋಡಿ ಹೊಂದಿಸುತ್ತಾರೆ, ಒಳಗಿನ ಕಡ್ಡಿ ಮಾತ್ರ ಓರೆಯಾಗಿಯೇ ಉಳಿದಿರುತ್ತದೆ. ಆಮೇಲೆ ಸ್ಟೈಲಸ್ ತಟ್ಟೆಯನ್ನು ಎಷ್ಟು ಒತ್ತಬೇಕೆಂದು ತಯಾರಕರು ಹೇಳಿದ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಇಡಿ. ಹೇಳಿದ ಮಿತಿಗಿಂತ ಕಡಿಮೆ ಭಾರ ಇಟ್ಟರೆ ತಟ್ಟೆ ಸವೆಯದು ಎಂಬ ಹಳೆಯ ನಂಬಿಕೆ ತಪ್ಪು. ಹಗುರಾದ ಸ್ಟೈಲಸ್ ಗ್ರೂವ್‌ನಲ್ಲಿ ಕುಪ್ಪಳಿಸಿ ಗೋಡೆಗಳನ್ನು ಇನ್ನಷ್ಟು ಕೆಡಿಸುತ್ತದೆ.

ಹೊಂದಿಸಿದ ಮೇಲೂ ಒಡಕು ಉಳಿದರೆ ಆಗ ಮೊನೆಯ ಕಡೆ ನೋಡಬಹುದು. ಎಲಿಪ್ಟಿಕಲ್ ಸ್ಟೈಲಸ್‌ನ ಪಕ್ಕದ ತ್ರಿಜ್ಯ ಸುಮಾರು 8 ಮೈಕ್ರಾನ್, ಮೈಕ್ರೋಲೈನ್ ಎಂಬ ಇನ್ನೂ ಚೂಪಾದ ಬಗೆಯದು ಅದರ ಅರ್ಧಕ್ಕಿಂತಲೂ ಕಡಿಮೆ. ಮೊದಲು ಹೇಳಿದ 21 ಮೈಕ್ರಾನಿನ ಅಲೆಯೊಳಗೆ ಅದು ಸಲೀಸಾಗಿ ಇಳಿಯುತ್ತದೆ. ಹಲವು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಲ್ಲಿ ಸ್ಟೈಲಸ್ ಭಾಗವನ್ನು ಮಾತ್ರ ಕಳಚಿ ಬದಲಿಸಲು ಸಾಧ್ಯವಿರುವುದರಿಂದ ಇಡೀ ಕಾರ್ಟ್ರಿಜ್ ಕೊಳ್ಳಬೇಕಾಗಿಯೂ ಇಲ್ಲ.

45 ಯಾವಾಗಲೂ ಮೇಲು ಎನ್ನಲಾಗದು. ಆಲ್ಮನ್ ಬ್ರದರ್ಸ್ ತಂಡದ 1971ರ ‘ಅಟ್ ಫಿಲ್ಮೋರ್ ಈಸ್ಟ್’ ಅನ್ನು ತೆಗೆದುಕೊಳ್ಳಿ. ಅದರ ನಾಲ್ಕನೆಯ ಬದಿಯ ತುಂಬ ಇರುವುದು ‘ವಿಪಿಂಗ್ ಪೋಸ್ಟ್’ ಒಂದೇ, ಸುಮಾರು 23 ನಿಮಿಷ. ಒಳ್ಳೆಯ ಮಟ್ಟದಲ್ಲಿ ಕೊರೆಯಬೇಕೆಂದರೆ 45ರ ಒಂದು ಬದಿಯಲ್ಲಿ ಅಷ್ಟು ಸಂಗೀತ ಹಿಡಿಸದು, ನಡುವೆ ಎಲ್ಲಾದರೂ ಕತ್ತರಿಸಲೇಬೇಕು. ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ ಮೆಲ್ಲಮೆಲ್ಲಗೆ ಏರಿಸಿಕೊಂಡು ಹೋಗುವ ವಾದನವನ್ನು ಅರ್ಧಕ್ಕೆ ನಿಲ್ಲಿಸಿ ತಟ್ಟೆ ಮಗುಚುವುದಕ್ಕಿಂತ, ಒಳಗ್ರೂವ್‌ನ ಸಣ್ಣ ದೋಷವನ್ನು ಸಹಿಸಿಕೊಂಡು 33ರಲ್ಲಿ ಕೇಳುವುದೇ ಸರಿ. ‘ಟೆಕ್ಸಸ್ ಫ್ಲಡ್’ನಲ್ಲಿ ಆ ತೊಡಕಿಲ್ಲ. ಶೀರ್ಷಿಕೆ ಗೀತೆಯೇ ಐದೂಕಾಲು ನಿಮಿಷ ದಾಟಿದರೆ ಹೆಚ್ಚು, ಉಳಿದವುಗಳಲ್ಲಿ ಬಹುಪಾಲು ಮೂರು-ನಾಲ್ಕು ನಿಮಿಷದವು. ಯಾವ ಹಾಡನ್ನೂ ಕತ್ತರಿಸದೆ ನಾಲ್ಕು ಬದಿಗಳಿಗೆ ಹಂಚಬಹುದು.

ಹಳೆತಟ್ಟೆ:

ಹಾಡನ್ನು ಕತ್ತರಿಸುವುದಿಲ್ಲ ಎಂಬುದು ಸರಿ, ಸರಣಿಯನ್ನು ಕತ್ತರಿಸುತ್ತಾರಲ್ಲ! ‘ಟೆಲ್ ಮಿ’ ಮುಗಿದ ಉಸಿರಿನಲ್ಲಿಯೇ ‘ಟೆಸ್ಟಿಫೈ’ ಬಂದು ಅಪ್ಪಳಿಸಿದರೆ ಅದರ ಬಿರುಸೇ ಬೇರೆ. ಮಂದ್ರ ಅವರು ಕೊಟ್ಟ ಲೆಡ್ ಝೆಪೆಲಿನ್ ಉದಾಹರಣೆಯನ್ನು ನಾನು ನನ್ನ ಪಕ್ಷಕ್ಕೇ ಎಳೆದುಕೊಳ್ಳುತ್ತೇನೆ, ಆ ‘ಆರ್‌ಎಲ್’ ಪ್ರತಿಯೂ ಮೊದಲ ಮುದ್ರಣವೇ ಅಲ್ಲವೇ?

ಇರಲಿ. ಹಳೆಯ ಪ್ರತಿಯ ಕಡೆಗೆ ಹೋಗುವುದಾದರೆ ಒಂದು ಎಚ್ಚರಿಕೆ. ಮೇಲ್ಮೈಯ ಗೀರುಗಳನ್ನು ನೋಡಿ ಬೆಲೆ ಕಟ್ಟುವವರೇ ಹೆಚ್ಚು. ಆದರೆ ಸವೆದ ಸೂಜಿಯಲ್ಲಿ ವರ್ಷಗಟ್ಟಲೆ ನುಡಿಸಿದ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಗ್ರೂವ್‌ನ ಗೋಡೆಗಳು ಸವೆದಿರುತ್ತವೆ, ಯಾವ ತೊಳೆಯುವಿಕೆಯಿಂದಲೂ ಅದು ಸರಿಹೋಗದು. ಕೇಳದೆ ಕೊಳ್ಳಬೇಡಿ. ಕೇಳಲು ಬಿಟ್ಟರೆ ‘ಲೆನಿ’ಗಿಂತ ಮೊದಲ ಬದಿಯ ಕೊನೆಯ ‘ಟೆಸ್ಟಿಫೈ’ಯನ್ನೇ ಹಾಕಿಸಿ. ಜೋರಾದ, ಬಿಡುವಿಲ್ಲದ ಗಿಟಾರ್ ಇರುವ ಹಾಡು ಒಳಭಾಗದಲ್ಲಿಯೇ ಇರುವುದರಿಂದ ಸವೆತ ಇದ್ದರೆ ಅಲ್ಲಿಯೇ ಬಯಲಾಗುತ್ತದೆ.

ಮಂದ್ರ:

ಹಳೆತಟ್ಟೆಯವರ ಈ ಕೊನೆಯ ಸಲಹೆ ಹೊಸ ತಟ್ಟೆಗೂ ಒಂದು ಬಗೆಯಲ್ಲಿ ಅನ್ವಯಿಸುತ್ತದೆ. ದುಬಾರಿ ಮರುಬಿಡುಗಡೆಯೆಂದ ಮಾತ್ರಕ್ಕೆ ದೋಷವಿಲ್ಲದೆ ಬರುತ್ತದೆ ಎಂದುಕೊಳ್ಳಬೇಡಿ. ತಟ್ಟೆ ಕೈಗೆ ಬಂದ ಕೂಡಲೇ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ನಾಲ್ಕೂ ಬದಿಗಳನ್ನು ಪೂರ್ತಿ ಕೇಳಿ. ನುಡಿಯುತ್ತಿರುವಾಗ ಟೋನ್‌ಆರ್ಮ್‌ನ ತಲೆಯನ್ನು ಮೇಲಿನಿಂದ ನೋಡಿದರೆ ಅದು ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗುತ್ತಿದೆಯೇ ಎಂಬುದು ತಿಳಿಯುತ್ತದೆ. ಹಾಗಿದ್ದರೆ ನಡುವಿನ ತೂತು ಕೇಂದ್ರದಲ್ಲಿಲ್ಲ ಎಂದರ್ಥ, ‘ಲೆನಿ’ಯಂಥ ಎಳೆದ ಸ್ವರಗಳ ಹಾಡಿನಲ್ಲಿ ಶ್ರುತಿ ಅಲೆಯುವುದು ಬೇಗ ಕಿವಿಗೆ ಬೀಳುತ್ತದೆ. ಒಂದೇ ಕಡೆಯ ಸ್ಪೀಕರಿನಲ್ಲಿ ಬಟ್ಟೆ ಹರಿದಂಥ ಪರಪರ ಸದ್ದು ಕೆಲವು ಸುತ್ತುಗಳ ಕಾಲ ಬಂದು ಹೋದರೆ, ಒತ್ತುವಾಗ ವೈನಿಲ್ ಗ್ರೂವ್‌ನ ಅಚ್ಚಿನೊಳಗೆ ಪೂರ್ತಿ ತುಂಬಿಲ್ಲ. ಅದು ತೊಳೆದರೆ ಹೋಗುವ ಧೂಳಲ್ಲ, ತಟ್ಟೆಯನ್ನು ಬದಲಾಯಿಸಿಕೊಳ್ಳಬೇಕು. ಕ್ಲಿಕ್ ಕ್ಲಿಕ್ ಎಂಬ ಬಿಡಿ ಸದ್ದುಗಳಾದರೆ ಒಮ್ಮೆ ನೀರಿನಲ್ಲಿ ತೊಳೆದು ನೋಡಿ. ಹೊಸ ತಟ್ಟೆಗಳಲ್ಲಿಯೂ ಕಾಗದದ ಒಳಚೀಲದ ನಾರು, ಪುಡಿ ಅಂಟಿರುವುದುಂಟು.

ಒಂದು ವಿಷಯ ಬಿಟ್ಟುಹೋಗಿತ್ತು: ನಿಮ್ಮ ಬೆಲ್ಟ್ ಡ್ರೈವ್‌ನಲ್ಲಿ ವೇಗ ಬದಲಿಸಲು ಗುಂಡಿ ಇದೆಯೇ, ಅಥವಾ ತಟ್ಟೆಯ ಪೀಠವನ್ನು ಎತ್ತಿ ಬೆಲ್ಟನ್ನು ಕೈಯಿಂದ ದೊಡ್ಡ ರಾಟೆಗೆ ಸರಿಸಬೇಕೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಎರಡನೆಯದಾದರೆ 45ರ ತಟ್ಟೆಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಸೂಜಿಮೊನೆ:

ನೋಡಿದೆ, ಬೆಲ್ಟನ್ನು ಕೈಯಿಂದಲೇ ಸರಿಸಬೇಕು. ಪರವಾಗಿಲ್ಲ, ಅಷ್ಟು ಶ್ರಮಕ್ಕೆ ಸಿದ್ಧನಿದ್ದೇನೆ. ಮೊದಲು ಅಳತೆಪಟ್ಟಿ ಮುದ್ರಿಸಿಕೊಂಡು ಕಾರ್ಟ್ರಿಜ್ ಹೊಂದಿಸುತ್ತೇನೆ, ಬದಿಯ ಕೊನೆಯ ಹಾಡುಗಳು ಅಷ್ಟರಿಂದಲೇ ಸುಧಾರಿಸಿದರೆ ಸ್ಟೈಲಸ್ ಬದಲಿಸುವುದನ್ನು ಮುಂದಕ್ಕೆ ಹಾಕಿ, 45ರ ಆವೃತ್ತಿಯನ್ನು ತರಿಸಿಕೊಳ್ಳುತ್ತೇನೆ. ಸುಧಾರಿಸದಿದ್ದರೆ ಯಾವ ಮೈಕ್ರೋಲೈನ್ ಸ್ಟೈಲಸ್ ನನ್ನ ಕಾರ್ಟ್ರಿಜ್‌ಗೆ ಹೊಂದುತ್ತದೆ ಎಂದು ಮಾದರಿಯ ಹೆಸರಿನೊಂದಿಗೆ ಇಲ್ಲಿಯೇ ಕೇಳುತ್ತೇನೆ.